ಭಿನ್ನರಾಶಿಗಳ ಸಂಕಲನವೂ ಹೆಣ್ಣುಮಕ್ಕಳ ಪಾಲೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಂಕಗಣಿತಕ್ಕೆ ಸ್ಥಾನವೆಲ್ಲಿಯದು ಎಂದು ಕೆಲವು ವಾಚಕರು ಕೇಳಬಹುದು. ಕಟ್ಟಡ, ಪರೀಕ್ಷಾಫಲ, ಆಟೋಟ, ಸಂಗೀತ ಇವುಗಳ ವರದಿಗೆ ಬೇರೆ ಪುಟಗಳಿವೆ. ಈ ಕೆಲವು ಪುಟಗಳನ್ನು ನಾವು, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಶಾಲೆಯ ಬಾಗಿಲನ್ನು ದಾಟಿದೊಡನೆ ಸಂತೋಷದಿಂದ ಮರೆತುಬಿಡುವ ಒಂದು ಪಾಠಕ್ಕಾಗಿ ಮೀಸಲಿಟ್ಟಿದ್ದೇವೆ. ಅದು ಭಿನ್ನರಾಶಿಗಳ ಸಂಕಲನ. ಛೇದಗಳು ಸಮವಾಗಿರುವಾಗ ಕೂಡುವದು ಹೇಗೆ, ವಿಷಮವಾಗಿರುವಾಗ ಕೂಡುವದು ಹೇಗೆ, ಎರಡೇ ಅಲ್ಲದೆ ಮೂರು, ನಾಲ್ಕು, ಐದು ಭಿನ್ನಗಳು ಒಟ್ಟಿಗೆ ಬಂದರೆ ಮಾಡತಕ್ಕದ್ದೇನು, ಇಷ್ಟೇ ವಿಷಯ. ಒಲೆಯ ಮುಂದೆ ಕೂಡ್ರುವ ಹುಡುಗಿಗೆ ಇದೇತಕ್ಕೆ ಎಂದು ಹಿಂದೆ ಹಿರಿಯರು ಕೇಳುತ್ತಿದ್ದರು. ಫೋನಿನಲ್ಲಿಯೇ ಲೆಕ್ಕವಾಗುವಾಗ ಇದೇತಕ್ಕೆ ಎಂದು ಇಂದು ಹುಡುಗಿಯರೇ ಕೇಳುತ್ತಾರೆ. ನಮ್ಮ ಅಭಿಪ್ರಾಯವು ಹೀಗಿದೆ: ಪ್ರೌಢಶಾಲೆಯನ್ನು ಬಿಟ್ಟುಹೋಗುವ ಹೆಣ್ಣುಮಗಳು ಬೇರೆ ಯಾವ ಲೆಕ್ಕವನ್ನು ಮರೆತರೂ ಇದೊಂದನ್ನು ಮರೆಯಕೂಡದು, ಮತ್ತು ಅವಳು ಮರೆಯದಂತೆ ಕಲಿಸಬೇಕಾದರೆ, ಸೂತ್ರವನ್ನು ಬಾಯಿಪಾಠ ಮಾಡಿಸುವ ರೂಢಿಯನ್ನು ಬಿಟ್ಟು ಕಾರಣವನ್ನು ಮೊದಲು ತಿಳಿಸಬೇಕು.

ಮೊದಲು ಸುಲಭವಾದದ್ದನ್ನು ನೋಡೋಣ. ಭಿನ್ನರಾಶಿಯಲ್ಲಿ ಗೆರೆಯ ಕೆಳಗಿನ ಅಂಕೆಯು ಛೇದ, ಮೇಲಿನದು ಅಂಶ. ಛೇದವು ತುಂಡಿನ ಜಾತಿಯನ್ನು ಹೇಳುವದು. ಅಂಶವು ಅಂಥ ತುಂಡುಗಳು ಎಷ್ಟೆಂಬದನ್ನು ಹೇಳುವದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿರುವ ಕಮಲಾಪುರವು ತನ್ನ ಕೆಂಪು ಬಾಳೆಗೆ ಹೆಸರಾದುದೆಂಬದು ನಮ್ಮ ವಾಚಕರೆಲ್ಲರಿಗೂ ತಿಳಿದದ್ದೇ. ಅಲ್ಲಿಯ ತೋಟದ ಒಂದು ಗೊನೆಯಲ್ಲಿ ಸಮನಾದ ೮ ಚಿಪ್ಪುಗಳಿವೆಯೆಂದು ಭಾವಿಸೋಣ. ಮೂರು ಚಿಪ್ಪು ಪೇಟೆಗೆ ಹೋದವು, ಎರಡು ನೆಂಟರ ಮನೆಗೆ ಹೋದವು, ಒಂದು ಮನೆಯ ಮಕ್ಕಳಿಗಾಯಿತು. ೩/೮, ೨/೮, ೧/೮ ಕೂಡಿದರೆ ೬/೮, ಅಂದರೆ ಗೊನೆಯ ಮುಕ್ಕಾಲು ಭಾಗ. ಇಲ್ಲಿ ನಾವು ಚಿಪ್ಪುಗಳನ್ನು ಎಣಿಸಿದೆವೇ ಹೊರತು ಬೇರೇನೂ ಮಾಡಲಿಲ್ಲ. ಛೇದಗಳನ್ನೇಕೆ ಕೂಡಲಿಲ್ಲ ಎಂದು ಹುಡುಗಿಯು ಕೇಳಿದರೆ, ಕೂಡಿದ ಮಾತ್ರಕ್ಕೆ ಗೊನೆಯು ೨೪ ಚಿಪ್ಪಿನದಾಯಿತೇ ಎಂದು ತಿರುಗಿ ಕೇಳಿದರೆ ಸಾಕು.

ಛೇದಗಳು ಬೇರೆಯಾದಾಗ ತೊಡಕು ಆರಂಭವಾಗುವದು. ಎಂಟನೆಯ ತರಗತಿಗೆ ಬರುವ ಬಾಲಿಕೆಯರಲ್ಲಿ ೧/೨ಕ್ಕೆ ೧/೩ನ್ನು ಕೂಡಿ ೨/೫ ಎಂದು ಬರೆಯುವವರು ಪ್ರತಿವರ್ಷವೂ ಇರುತ್ತಾರೆ. ಅರ್ಧಕ್ಕೆ ಇನ್ನೂ ಸ್ವಲ್ಪ ಸೇರಿಸಿದಾಗ ಬಂದ ಮೊತ್ತವು ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂದು ತೋರಿಸಿಕೊಟ್ಟರೆ ಅವರೇ ಬೆರಗಾಗುತ್ತಾರೆ. ಆದರೆ ಇಂಥ ಹುಡುಗಿಯನ್ನು ದಡ್ಡಿಯೆಂದು ಹಳಿಯುವದು ಸರಿಯಲ್ಲವೆಂದು ನಾವು ಬಲವಾಗಿ ಹೇಳುತ್ತೇವೆ. ಆಕೆಯ ಮನಸ್ಸಿನಲ್ಲಿ ಬೇರೊಂದು ಲೆಕ್ಕವಿದೆ, ಮತ್ತು ಆ ಲೆಕ್ಕವು ತನ್ನ ಸ್ಥಳದಲ್ಲಿ ಸರಿಯಾದದ್ದೇ. ಒಂದು ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳಿಗೆ ಒಂದು ಸರಿ, ಇನ್ನೊಂದರಲ್ಲಿ ಮೂರು ಪ್ರಶ್ನೆಗಳಿಗೆ ಒಂದು ಸರಿ. ಎರಡನ್ನೂ ಸೇರಿಸಿದರೆ ಐದಕ್ಕೆ ಎರಡು ಸರಿಯೆಂದೇ ಹೇಳುತ್ತೇವೆ. ಅಲ್ಲಿ ಎರಡು ಬೇರೆ ಬೇರೆ ಪೂರ್ಣಗಳು ಕೂಡಿಕೊಂಡು ದೊಡ್ಡದೊಂದು ಪೂರ್ಣವಾಯಿತು. ಭಿನ್ನರಾಶಿಗಳ ಸಂಕಲನದಲ್ಲಿಯಾದರೋ ಪೂರ್ಣವು ಒಂದೇ: ಅದೇ ಗೊನೆ, ಅದೇ ಹೊಲ, ಅದೇ ರೂಪಾಯಿ. ಈ ಭೇದವನ್ನು ಬಿಡಿಸಿ ಹೇಳಿದ ಉಪಾಧ್ಯಾಯಿನಿಯು ಒಂದು ವರ್ಷದ ಕೆಲಸವನ್ನು ಒಂದು ಗಳಿಗೆಯಲ್ಲಿ ಮಾಡಿದಂತಾಯಿತು.

ಹಾಗಾದರೆ ಅರ್ಧವನ್ನೂ ಮೂರನೆಯ ಒಂದು ಪಾಲನ್ನೂ ಕೂಡುವದು ಹೇಗೆ? ಎರಡನ್ನೂ ಒಂದೇ ಜಾತಿಯ ತುಂಡುಗಳಾಗಿ ಮಾಡಿಕೊಂಡು ಎಣಿಸಬೇಕು. ಈ ವಿದ್ಯೆಯು ನಮ್ಮ ಮನೆಗಳಿಗೆ ಹೊಸದಲ್ಲ. ಹೊಲದ ಮನೆಯಲ್ಲಿ ಬೆಳೆದ ಹುಡುಗಿಗೆ ೧/೪, ೧/೮, ೧/೫ ಕೂಡು ಎಂದು ಹಲಗೆಯ ಮೇಲೆ ಬರೆದುಕೊಟ್ಟರೆ ಅವಳು ಹೆದರಬಹುದು. ಕಾಲು ಎಕರೆ, ಅರೆಕಾಲು ಎಕರೆ, ಎಕರೆಯ ಐದನೆಯ ಒಂದು ಪಾಲು ಎಷ್ಟು ಗುಂಟೆಯಮ್ಮಾ ಎಂದು ಕೇಳಿದರೆ, ಎಕರೆಗೆ ೪೦ ಗುಂಟೆಯೆಂಬದನ್ನು ಬಲ್ಲ ಅವಳು ಹತ್ತು, ಐದು, ಎಂಟು, ಒಟ್ಟು ೨೩ ಗುಂಟೆ ಎಂದು ಹೇಳುವಳು. ಅದೇ ೨೩/೪೦. ಗುಂಟೆಯೆಂಬುದು ಎಕರೆಯ ಭಿನ್ನಗಳಿಗೆಲ್ಲ ಹಿರಿಯರು ಗೊತ್ತುಮಾಡಿಟ್ಟ ಸಾಮಾನ್ಯ ಛೇದವಲ್ಲದೆ ಮತ್ತೇನು?

ನಾಣ್ಯದ ವಿಷಯವೂ ಹೀಗೆಯೇ ಇತ್ತು. ೧೯೪೮ರ ಸೆಪ್ಟೆಂಬರದವರೆಗೆ ನಮ್ಮ ಸೀಮೆಯು ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿ ನಡೆಯುತ್ತಿದ್ದ ಹಾಲಿ ಸಿಕ್ಕಾ ರೂಪಾಯಿಗೂ, ಬ್ರಿಟಿಷ್ ಸೀಮೆಯ ರೂಪಾಯಿಗೂ ೧೬ ಆಣೆ, ಆಣೆಗೆ ೧೨ ಪೈ. ಅಂದರೆ ರೂಪಾಯಿಗೆ ೧೯೨ ಪೈ. ಅರ್ಧವೆಂದರೆ ೯೬ ಪೈ, ಮೂರನೆಯ ಪಾಲೆಂದರೆ ೬೪, ಅರೆಕಾಲೆಂದರೆ ೨೪. ಮೂರನ್ನೂ ಕೂಡಿದರೆ ೧೮೪ ಪೈ, ಅಂದರೆ ಹದಿನೈದಾಣೆ ನಾಲ್ಕು ಪೈ. ಚಿನ್ನದ ತೊಲಕ್ಕೆ ೧೨ ಮಾಸೆ, ಮಾಸೆಗೆ ೮ ಗುಂಜಿ. ಹೀಗಾಗಿ ತೊಲಕ್ಕೆ ೯೬ ಗುಂಜಿ. ಎರಡರಿಂದ ಅನೇಕ ಸಲವೂ ಮೂರರಿಂದ ಒಮ್ಮೆಯೂ ಭಾಗವಾಗುವ ಸಂಖ್ಯೆಗಳನ್ನೇ ಹಿರಿಯರು ಆರಿಸಿಕೊಂಡಿದ್ದರು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಅದರಿಂದ ಬರೆಯುವ ಲೆಕ್ಕವು ಸುಲಭವಾಯಿತು, ನಿಜ. ಆದರೆ ನೂರಕ್ಕೆ ಮೂರನೆಯ ಪಾಲು ಪೂರ್ಣಾಂಕದಲ್ಲಿ ಬರುವದಿಲ್ಲ. ಹಿಂದೆ ಪೇಟೆಯೇ ಮಕ್ಕಳಿಗೆ ಕಲಿಸುತ್ತಿದ್ದ ಪಾಠವನ್ನು ಈಗ ಶಾಲೆಯೊಂದೇ ಕಲಿಸಬೇಕಾಗಿದೆ. ಹದಿನಾರಾಣೆ ಸತ್ಯವೆಂಬ ಮಾತು ಉಳಿದಿದೆ, ಆಣೆ ಉಳಿದಿಲ್ಲ.

ಸಿದ್ಧವಾದ ಗುಂಟೆಯೂ ಆಣೆಯೂ ಇಲ್ಲದ ಕಡೆ ಸಾಮಾನ್ಯ ಛೇದವನ್ನು ನಾವೇ ಕಂಡುಹಿಡಿಯಬೇಕು. ಎಕರೆಯ ಮೂರನೆಯ ಪಾಲನ್ನು ಗುಂಟೆಯಲ್ಲಿ ಹೇಳಹೋದರೆ ಹದಿಮೂರು ಗುಂಟೆಯಾಗಿ ಮೇಲೆ ಗುಂಟೆಯ ಮೂರನೆಯ ಒಂದು ಪಾಲು ಉಳಿಯುವದು. ೧/೪, ೧/೫, ೧/೩ ಇವುಗಳನ್ನು ಕೂಡಬೇಕಾದರೆ ನಾಲ್ಕು, ಐದು, ಮೂರು ಇವೆಲ್ಲವುಗಳಿಂದಲೂ ಭಾಗವಾಗುವ ೬೦ನ್ನು ಹಿಡಿಯಬೇಕು. ೧೫, ೧೨, ೨೦ ಕೂಡಿ ೪೭/೬೦ ಆಗುವದು.

ಈ ಕ್ರಮವನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಒಬ್ಬನ ಹೆಸರು ನಮ್ಮ ಜಿಲ್ಲೆಗೇ ಸಂಬಂಧಿಸಿದೆ. ಸೇಡಂ ತಾಲೂಕಿನ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಮೊದಲಲ್ಲಿ ಸ್ತುತಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು ಕ್ರಿ. ಶ. ೮೫೦ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಪ್ರಕಟಿಸಿದರು. ಮೈಸೂರಿನ ಗಣಿತ ಪ್ರಾಧ್ಯಾಪಿಕೆ ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದವು ೨೦೦೦ದಲ್ಲಿ ಹೊರಬಂತು. ಈ ಗ್ರಂಥವನ್ನು ಕನ್ನಡಕ್ಕೆ ತಂದವರು ಒಬ್ಬ ಹೆಂಗಸು ಎಂಬದನ್ನು ನಮ್ಮ ಬಾಲಿಕೆಯರು ತಿಳಿದಿರಲಿ.

ಭಿನ್ನರಾಶಿಗಳ ಪ್ರಕರಣಕ್ಕೆ ಆತನು ಬಳಸಿದ ಹೆಸರು ಕಲಾಸವರ್ಣ. ಕಲಾ ಎಂದರೆ ತುಂಡು. ಸವರ್ಣವೆಂದರೆ ಒಂದೇ ಬಗೆಯದು. ಪಾಠದ ಸಾರವೆಲ್ಲ ಆ ಹೆಸರಿನಲ್ಲಿಯೇ ಇದೆ. ಕ್ರಿ. ಶ. ೬೨೮ರಲ್ಲಿ ಬರೆದ ಬ್ರಹ್ಮಗುಪ್ತನು ಒಂದರ ಛೇದದಿಂದ ಇನ್ನೊಂದನ್ನು ಗುಣಿಸಿ ಛೇದಗಳನ್ನು ಸಮಮಾಡುವ ದಾರಿಯನ್ನು ಹೇಳಿದ್ದನು. ಮಹಾವೀರನು ಮುಂದೆ ಹೋಗಿ, ಛೇದಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನಗಳನ್ನು ಒಮ್ಮೆ ಮಾತ್ರ ತೆಗೆದುಕೊಂಡು, ಅವುಗಳನ್ನೂ ಉಳಿದ ಭಾಗಲಬ್ಧಗಳನ್ನೂ ಗುಣಿಸಿದರೆ ಬರುವ ಸಂಖ್ಯೆಗೆ ನಿರುದ್ಧವೆಂದು ಹೆಸರಿಟ್ಟನು. ಇಂದು ನಾವು ಲ.ಸಾ.ಅ. ಎಂದು ಕಲಿಸುವದು ಇದನ್ನೇ. ಎರಡು ಕ್ರಮಗಳಿಗಿರುವ ಅಂತರವನ್ನು ೫/೬, ೩/೮, ೭/೧೨ ಇವುಗಳನ್ನು ಕೂಡಿ ನೋಡಬಹುದು. ಛೇದಗಳನ್ನೆಲ್ಲ ಗುಣಿಸಿದರೆ ೫೭೬ ಬರುವದು. ಮೊತ್ತವು ೧೦೩೨/೫೭೬ ಎಂಬ ಭಾರವಾದ ರಾಶಿಯಾಗುವದು. ನಿರುದ್ಧವನ್ನು ಹಿಡಿದರೆ ೨೪ ಸಾಕು: ೨೦, ೯, ೧೪ ಕೂಡಿ ೪೩/೨೪, ಅಂದರೆ ಒಂದು ಪೂರ್ಣ, ಮೇಲೆ ೧೯/೨೪. ಎರಡೂ ಒಂದೇ ಬೆಲೆಯವು. ಆದರೆ ಮೊದಲನೆಯದರಲ್ಲಿ ತಪ್ಪಾಗುವ ಅವಕಾಶವು ಎಷ್ಟೋ ಹೆಚ್ಚು. ಎರಡು ಭಿನ್ನಗಳಿಗೆ ಚುರುಕಾಗಿ ತೋರುವ ಅಡ್ಡಗುಣಾಕಾರವು ನಾಲ್ಕೈದು ಭಿನ್ನಗಳು ಬಂದಾಗ ಹುಡುಗಿಯನ್ನು ನಡುದಾರಿಯಲ್ಲಿ ಬಿಟ್ಟುಹೋಗುವದು. ಆದುದರಿಂದಲೇ ಅದನ್ನು ಮೊದಲ ಪಾಠವಾಗಿ ಕಲಿಸಕೂಡದೆಂದು ನಾವು ಹೇಳುವದು.

ಇನ್ನು ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಮುಖ್ಯ ವಿಷಯಕ್ಕೆ ಬರುತ್ತೇವೆ. ಹೆಣ್ಣುಮಗಳ ಆಯುಷ್ಯದಲ್ಲಿ ಒಂದು ದಿನ ಕಾಗದವೊಂದು ಅವಳ ಮುಂದೆ ಬರುವದು. ಅದು ವಾಟಣಿಯ ಪತ್ರವಿರಬಹುದು, ಹಕ್ಕು ಬಿಡುಗಡೆಯ ಪತ್ರವಿರಬಹುದು. ಇಲ್ಲಿ ಸಹಿ ಮಾಡವ್ವ ಎಂದು ಯಾರೋ ಬೆರಳಿಟ್ಟು ತೋರಿಸುತ್ತಾರೆ. ಆ ಕಾಗದದಲ್ಲಿ ಬರೆದಿರುವದು ಭಿನ್ನರಾಶಿಗಳು. ನಾವು ವಕೀಲರಲ್ಲ, ಕಾಯಿದೆಯ ಸೂಕ್ಷ್ಮಗಳಿಗೆ ವಕೀಲರನ್ನೇ ಕೇಳಬೇಕು. ಆದರೆ ಪಾಲುಗಳು ಕೂಡಿ ಒಂದಾಗುವವೋ ಇಲ್ಲವೋ ಎಂಬದನ್ನು ನೋಡಲು ಶಾಲೆಯ ಪಾಠವೇ ಸಾಕು.

ಕ್ರೈಸ್ತ ಕುಟುಂಬದ ಉದಾಹರಣೆಯನ್ನು ಮೊದಲು ತೆಗೆದುಕೊಳ್ಳೋಣ. ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮರಣಶಾಸನವನ್ನು ಬರೆಯದೆ ತೀರಿಹೋದವನ ಆಸ್ತಿಯಲ್ಲಿ ವಿಧವೆಗೆ ೧/೩, ಮಕ್ಕಳಿಗೆ ಕೂಡಿ ೨/೩. ಮಕ್ಕಳಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ಮೂವರು ಮಕ್ಕಳಿದ್ದರೆ ತಲಾ ೨/೯. ತಾಯಿಯ ೩/೯ ಸೇರಿದರೆ ೯/೯, ಲೆಕ್ಕ ಸರಿಹೋಯಿತು. ಹಿಂದೆ ತಿರುವಾಂಕೂರಿನ ಕ್ರೈಸ್ತರಿಗೆ ೧೯೧೬ರ ಬೇರೊಂದು ಕಾಯಿದೆಯಿತ್ತು. ಅದರಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೋಟ್ಟಯಂನಲ್ಲಿ ಶಾಲೆಯನ್ನು ನಡೆಸುತ್ತಿದ್ದ ಮೇರಿ ರಾಯ್ ಎಂಬವರು ಸುಪ್ರೀಂ ಕೋರ್ಟಿನವರೆಗೆ ಹೋದರು. ೧೯೮೬ರಲ್ಲಿ ಆ ನ್ಯಾಯಾಲಯವು ಅವರಿಗೂ ೧೯೨೫ರ ಕಾಯಿದೆಯೇ ಅನ್ವಯಿಸುವದೆಂದು ತೀರ್ಪಿತ್ತಿತು.

ಹಿಂದೂ ಕುಟುಂಬಗಳಲ್ಲಿ ೧೯೫೬ರ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಯಾರ್ಜಿತದಲ್ಲಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲನ್ನು ಕೊಟ್ಟಿತು. ಪಿತ್ರಾರ್ಜಿತದ ವಿಷಯದಲ್ಲಿ ಕರ್ನಾಟಕವು ೧೯೯೪ರಲ್ಲಿ ಒಂದು ತಿದ್ದುಪಡಿಯನ್ನು ತಂದಿತು. ೨೦೦೫ರ ಕೇಂದ್ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಮಗನಂತೆ ಹಕ್ಕುದಾರಳಾದಳು. ಈಗ ಕಮಲಾಪುರದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆಯು ಸ್ವಂತವಾಗಿ ಗಳಿಸಿದ ೧೨ ಎಕರೆ ಹೊಲ. ಆತನು ಮರಣಶಾಸನವಿಲ್ಲದೆ ತೀರಿಹೋದನು. ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಲಾ ೧/೪, ಅಂದರೆ ಮೂರು ಎಕರೆ. ಕೆಲವು ವರ್ಷಗಳ ಮೇಲೆ ತಾಯಿಯೂ ಹಾಗೆಯೇ ತೀರಿಕೊಂಡರೆ ಅವಳ ೧/೪ ಮೂವರು ಮಕ್ಕಳಿಗೆ ಹಂಚಿಹೋಗಿ ಒಬ್ಬೊಬ್ಬರಿಗೆ ೧/೧೨ ಬರುವದು. ಈಗ ಮಗಳ ಪಾಲೆಷ್ಟು? ೧/೪ ಎಂದರೆ ೩/೧೨. ಅದಕ್ಕೆ ೧/೧೨ ಕೂಡಿದರೆ ೪/೧೨, ಅಂದರೆ ೧/೩, ನಾಲ್ಕು ಎಕರೆ. ಆದರೆ ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಕೂಡುವ ಅಭ್ಯಾಸವು ಉಳಿದಿದ್ದ ಪಕ್ಷಕ್ಕೆ ೨/೧೬, ಅಂದರೆ ೧/೮, ಒಂದೂವರೆ ಎಕರೆ! ತಾಯಿಯ ಪಾಲು ಬಂದ ಮೇಲೆ ಅವಳ ಪಾಲು ಹೆಚ್ಚುವದರ ಬದಲು ಮೊದಲಿನ ಅರ್ಧಕ್ಕಿಳಿಯಿತು. ಯಾರಾದರೂ ಹೀಗೆ ಬರೆದುತಂದ ಕಾಗದಕ್ಕೆ ಸಹಿ ಹಾಕದಿರುವ ಶಕ್ತಿಯನ್ನು ಅವಳಿಗೆ ಕೊಡುವ ಪಾಠವು ಹದಿಮೂರನೆಯ ವಯಸ್ಸಿನಲ್ಲಿ ನಮ್ಮ ಕೈಯಲ್ಲಿದೆ. ಆಗ ಬಿಟ್ಟುಹೋದರೆ ಮತ್ತೆ ಕಲಿಸುವವರು ಯಾರು?

ಮುಸಲ್ಮಾನ ಮನೆಗಳ ವಿದ್ಯಾರ್ಥಿನಿಯರಿಗೆ ಈ ವಿಷಯವು ಇನ್ನೂ ಸಮೀಪದ್ದು. ಅವರ ಧರ್ಮಶಾಸ್ತ್ರದಲ್ಲಿ ಪಾಲುಗಳೆಲ್ಲ ಭಿನ್ನರಾಶಿಗಳಲ್ಲಿಯೇ ಗೊತ್ತಾಗಿವೆ. ಸುಮಾರು ಕ್ರಿ. ಶ. ೮೨೦ರಲ್ಲಿ ಬಗದಾದಿನ ಅಲ್ ಖ್ವಾರಿಜ್ಮಿಯು ಬೀಜಗಣಿತದ ಗ್ರಂಥವನ್ನು ಬರೆದಾಗ ಅದರ ದೊಡ್ಡ ಭಾಗವನ್ನು ಆಸ್ತಿಹಂಚಿಕೆಯ ಲೆಕ್ಕಗಳಿಗೇ ಕೊಟ್ಟನು. ಸುನ್ನೀ ಪಂಡಿತರಲ್ಲಿ ಪ್ರಸಿದ್ಧವಾದ ಒಂದು ಪ್ರಶ್ನೆಯು ನಮ್ಮ ಪಾಠಕ್ಕೆ ಹೇಳಿಮಾಡಿಸಿದಂತಿದೆ: ತೀರಿಹೋದವನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿ ಇದ್ದಾರೆ; ಪಾಲುಗಳು ಕ್ರಮವಾಗಿ ೧/೮, ೨/೩, ೧/೬, ೧/೬. ಇಲ್ಲಿ ಸಮಚ್ಛೇದವೂ ಉಂಟು, ವಿಷಮಚ್ಛೇದವೂ ಉಂಟು. ಇಂಥಲ್ಲಿ ಸಮವಾದವುಗಳನ್ನು ಮೊದಲು ಕೂಡಿಕೊಳ್ಳಬೇಕೆಂಬದು ನಮ್ಮ ಸೂಚನೆ. ೧/೬ಕ್ಕೆ ೧/೬ ಕೂಡಿ ೧/೩. ಅದಕ್ಕೆ ೨/೩ ಸೇರಿ ಒಂದು ಪೂರ್ಣ. ಹೆಂಡತಿಯ ಪಾಲಿಗೆ ಏನೂ ಉಳಿಯಲೇ ಇಲ್ಲ! ೨೪ನ್ನು ಛೇದವಾಗಿ ಹಿಡಿದರೆ ೩, ೧೬, ೪, ೪ ಕೂಡಿ ೨೭/೨೪ ಆಗುವದು. ಸುನ್ನೀ ಪಂಡಿತರು ಇದಕ್ಕೆ ಕಂಡುಕೊಂಡ ಪರಿಹಾರವು ಛೇದವನ್ನೇ ೨೭ಕ್ಕೆ ಏರಿಸುವದು. ಹೆಂಡತಿಯ ೩/೨೪ ೩/೨೭ ಆಗಿ, ಎಂಟನೆಯ ಪಾಲು ಒಂಬತ್ತನೆಯದಾಯಿತು. ಹಜರತ್ ಅಲಿಯವರು ಪ್ರವಚನಪೀಠದ ಮೇಲೆ ನಿಂತಲ್ಲಿಯೇ ಈ ಉತ್ತರವನ್ನು ಕೊಟ್ಟರೆಂದು ಹೇಳುವದುಂಟು. ಶಿಯಾ ಪಂಡಿತರು ಈ ಕ್ರಮವನ್ನು ಒಪ್ಪುವದಿಲ್ಲ. ಕೊರತೆಯು ಎಲ್ಲರಿಗೂ ಹಂಚಿಹೋಗಬೇಕೋ ಕೆಲವರ ಮೇಲೆಯೇ ಬೀಳಬೇಕೋ ಎಂಬ ನ್ಯಾಯಪ್ರಶ್ನೆಯು, ಭಿನ್ನಗಳನ್ನು ಕೂಡಿ ನೋಡಿದವರ ಕಣ್ಣಿಗೆ ಮಾತ್ರ ಬೀಳುವದೆಂಬದನ್ನು ವಾಚಕರು ಗಮನಿಸಬೇಕು.

ನಮ್ಮ ಅಭಿಪ್ರಾಯಕ್ಕೆ ಎರಡು ಆಕ್ಷೇಪಣೆಗಳು ಬರುವವು. ಪರೀಕ್ಷೆಗೆ ಸಮಯ ಸಾಲದು, ಕಾರಣವನ್ನು ವಿವರಿಸುತ್ತ ಕೂಡ್ರಲು ಬಿಡುವೆಲ್ಲಿ ಎಂಬದು ಮೊದಲನೆಯದು. ಇದಕ್ಕೆ ಉತ್ತರವು ಸುಲಭ: ಕಾರಣವನ್ನು ತಿಳಿಯದೆ ಕಲಿತದ್ದನ್ನು ಎಂಟರಲ್ಲಿ ಒಮ್ಮೆ, ಒಂಬತ್ತರಲ್ಲಿ ಒಮ್ಮೆ, ಹತ್ತರಲ್ಲಿ ಒಮ್ಮೆ ತಿರುಗಿ ಕಲಿಸಬೇಕಾಗುವದು, ಅಕ್ಷರಗಳಿರುವ ಬೀಜಗಣಿತದ ಭಿನ್ನಗಳು ಬಂದಾಗ ಹುಡುಗಿಯು ಅಲ್ಲಿಯೇ ನಿಂತುಬಿಡುವಳು. ಯಂತ್ರವಿದೆಯಲ್ಲ ಎಂಬದು ಎರಡನೆಯದು. ಯಂತ್ರವು ಕೊಟ್ಟದ್ದನ್ನು ಕೂಡೀತು. ಯಾವದನ್ನು ಕೂಡಬೇಕೆಂಬದನ್ನು ಹೇಳಲಾರದು. ೧ನ್ನು ೩ರಿಂದ ಭಾಗಿಸಿ ಬಂದ ೦.೩೩೩ನ್ನು ಬರೆದುಕೊಂಡು ಮೂರು ಸಲ ಕೂಡಿದರೆ ೦.೯೯೯ ಆಗುವದೇ ಹೊರತು ಒಂದಾಗುವದಿಲ್ಲ. ಆ ಉಳಿದದ್ದು ಯಾರ ಪಾಲಿನದು ಎಂದು ಕೇಳಲು ಮನುಷ್ಯರೇ ಬೇಕು.

ಆದಕಾರಣ ಕಲಿಸುವವರಿಗೆ ನಮ್ಮ ಸಲಹೆಯು ಇಷ್ಟು. ಲೆಕ್ಕವನ್ನು ಮಾಡುವ ಮುನ್ನ ಮೊತ್ತವು ಒಂದಕ್ಕಿಂತ ಹೆಚ್ಚಾದೀತೋ ಕಡಿಮೆಯಾದೀತೋ ಎಂದು ಬಾಯಲ್ಲಿ ಹೇಳಿಸಬೇಕು. ಸಮಚ್ಛೇದದವುಗಳನ್ನು ಮೊದಲು ಒಟ್ಟುಗೂಡಿಸಬೇಕು. ಉಳಿದವುಗಳಿಗೆ ನಿರುದ್ಧವನ್ನು ಕಂಡುಹಿಡಿಯಬೇಕು. ಕಡೆಗೆ ಉತ್ತರವನ್ನು ಸಂಕ್ಷೇಪಿಸಿ, ಮೊದಲು ಹೇಳಿದ ಊಹೆಯೊಡನೆ ತಾಳೆ ನೋಡಬೇಕು. ಅಭ್ಯಾಸಕ್ಕೆ ಮಹಾವೀರನ ಒಂದು ಲೆಕ್ಕವನ್ನೇ ಕೊಡಬಹುದು. ಅಂಶವೆಲ್ಲ ಒಂದೇ ಆಗಿರುವ ಭಿನ್ನಗಳ ಮೊತ್ತವು ಪೂರ್ಣ ಒಂದಾಗಬೇಕಾದರೆ ಛೇದಗಳೇನು ಎಂದು ಕೇಳಿ ಆತನು ನಿಯಮವನ್ನು ಹೇಳಿದ್ದಾನೆ: ೧ರಿಂದ ಆರಂಭಿಸಿ ಮೂರು ಮೂರು ಪಟ್ಟು ಮಾಡುತ್ತ ಹೋಗಿ, ಮೊದಲನೆಯದನ್ನು ೨ರಿಂದಲೂ ಕಡೆಯದನ್ನು ೨/೩ರಿಂದಲೂ ಗುಣಿಸಬೇಕು. ೧, ೩, ೯, ೨೭, ೮೧ ಎಂಬವು ೨, ೩, ೯, ೨೭, ೫೪ ಆಗುವವು. ೧/೨, ೧/೩, ೧/೯, ೧/೨೭, ೧/೫೪ ಇವುಗಳನ್ನು ೫೪ರ ಛೇದಕ್ಕೆ ತಂದರೆ ೨೭, ೧೮, ೬, ೨, ೧. ಕೂಡಿದರೆ ಸರಿಯಾಗಿ ೫೪.

ತಂದೆತಾಯಿಗಳಲ್ಲಿ ನಮ್ಮ ಪ್ರಾರ್ಥನೆಯು ಬೇರೆ. ಹೊಲದ ಪಹಣಿಯನ್ನು ಮಗನಿಗೆ ತೋರಿಸುವಂತೆ ಮಗಳಿಗೂ ತೋರಿಸಿರಿ. ಎಕರೆ ಗುಂಟೆಗಳನ್ನು ಅವಳಿಂದಲೇ ಕೂಡಿಸಿರಿ. ಮನೆಯ ಖರ್ಚಿನಲ್ಲಿ ಬಾಡಿಗೆಗೆಷ್ಟು ಪಾಲು, ಕಾಳುಕಡಿಗೆಷ್ಟು, ಓದಿಗೆಷ್ಟು ಎಂದು ತಿಂಗಳಿಗೊಮ್ಮೆ ಅವಳನ್ನು ಕೇಳಿರಿ. ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ನನಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ ಎಂಬ ಮಾತನ್ನು ಮಗಳ ಮುಂದೆ ದಯವಿಟ್ಟು ಆಡದಿರಲಿ. ಆ ಮಾತು ಮಗಳಿಗೆ ಅನುಮತಿಯಂತೆ ಕೇಳಿಸುವದು. ಅದರ ಬದಲು ಮೇಲಿನ ೧೨ ಎಕರೆಯ ಲೆಕ್ಕವನ್ನು ಅವಳ ಜೊತೆಗೆ ಕುಳಿತು ಒಂದು ಸಂಜೆ ಮಾಡಿನೋಡಿರಿ. ಮಗಳಿಗೆ ಉತ್ತರ ಬಾರದಿದ್ದರೆ ನಮ್ಮಲ್ಲಿಗೆ ಕಳುಹಿಸಿರಿ. ತಮಗೇ ಬಾರದಿದ್ದರೆ ತಾವೂ ಸಂಕೋಚವಿಲ್ಲದೆ ಬರಬೇಕೆಂದು ನಮ್ಮ ಬಿನ್ನಹ.